ಮೌಲ್ಡ್ ಒಳಗೇ ಮೆಗ್ನೀಷಿಯಂ ಟ್ರೀಟ್‌ಮೆಂಟ್: ನಮ್ಮ ಫೌಂಡ್ರಿಗೆ ಸರಿಹೋಗುತ್ತಾ?

ಪ್ರಶ್ನೆ: ನನ್ನ ಊರು ಬೆಳಗಾವಿ. ಈಗ ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಫೌಂಡ್ರಿಯಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ನಮ್ಮದು 500 ಕೆ.ಜಿ. ಇಂಡಕ್ಷನ್ ಫರ್ನೇಸ್. ಎಸ್‌ಜಿ (ಗ್ರ್ಯಾಫೈಟ್ ಗುಂಡಗಿರುವ ಬೀಡು ಕಬ್ಬಿಣ) 500/7 ಗ್ರೇಡಿನ ಬ್ರಾಕೆಟ್ ಮಾಡುತ್ತೇವೆ. ಒಂದು ಮೌಲ್ಡ್‌ಗೆ (ಮರಳಿನ ಅಚ್ಚು) 40 ಕೆ.ಜಿ. ಲೋಹ, ನಾಲ್ಕು ಪೀಸ್. ಗ್ರ್ಯಾಫೈಟ್ ಗುಂಡಗಾಗಲು ಮಾಡುವ ಮೆಗ್ನೀಷಿಯಂ ಟ್ರೀಟ್‌ಮೆಂಟ್ ಲ್ಯಾಡಲ್‌ನಲ್ಲೇ (ಕರಗಿದ ಲೋಹ ಒಯ್ಯುವ ಪಾತ್ರೆ), ಸ್ಯಾಂಡ್‌ವಿಚ್ ವಿಧಾನ, ಅಂದರೆ ಅಲಾಯನ್ನು ತಳದಲ್ಲಿಟ್ಟು, ಮುಚ್ಚಿ, ಮೇಲೆ ಲೋಹ ಸುರಿಯುವುದು. ಹೀಟಿನ (ಒಂದು ಸಲ ಕರಗಿಸಿದ ಲೋಹ) ಕೊನೆಯ ಮೂರ್ನಾಲ್ಕು ಮೌಲ್ಡ್‌ಗಳಲ್ಲಿ ನಾಡ್ಯುಲಾರಿಟಿ (ಗುಂಡಗಿರುವ ಗ್ರ್ಯಾಫೈಟಿನ ಪಾಲು) ಶೇ. 80ಕ್ಕಿಂತ ಕೆಳಗೆ ಹೋಗುತ್ತದೆ. 5 ಮಿ.ಮೀ. ದಪ್ಪದ ಅಂಚಿನಲ್ಲಿ ಕಾರ್ಬೈಡ್ (ಕಬ್ಬಿಣ-ಇಂಗಾಲ ಸೇರಿದ ಗಡುಸು ವಸ್ತು) ಬಂದು ಮೆಷಿನ್ ಶಾಪ್‌ನಲ್ಲಿ ಟೂಲ್ ಮುರಿಯುತ್ತಿದೆ. ಬಿಳಿ ಹೊಗೆಯ ಬಗ್ಗೆ ಪಕ್ಕದ ಯುನಿಟ್‌ನವರ ತಕರಾರು ಬೇರೆ. ಮೌಲ್ಡ್ ಒಳಗೇ ಮೆಗ್ನೀಷಿಯಂ ಹಾಕಿದರೆ ಮೂರೂ ತೊಂದರೆ ಒಟ್ಟಿಗೆ ಹೋಗುತ್ತವೆ ಅಂತ ಮಾಲೀಕರು ಹೇಳುತ್ತಿದ್ದಾರೆ. ಮಾಡಬಹುದಾ?

ಉತ್ತರ:

ಮಾಡಬಹುದು. ಆದರೆ ನೀವು ಹೇಳಿದ ಪರಿಸ್ಥಿತಿಯಲ್ಲಿ ಈಗಲೇ ಮಾಡಬೇಡಿ ಅಂತ ನನ್ನ ಸಲಹೆ. ಮೌಲ್ಡ್ ಒಳಗೆ ಎರಡು ಬೇರೆ ಬೇರೆ ವಸ್ತು ಹಾಕಬಹುದು. ಒಂದು ಮೆಗ್ನೀಷಿಯಂ ಅಲಾಯ್, ಇನ್ನೊಂದು ಇನಾಕ್ಯುಲೆಂಟ್, ಅಂದರೆ ಗ್ರ್ಯಾಫೈಟ್ ಹುಟ್ಟಲು ನೆರವಾಗುವ ಪುಡಿ. ಶಾಪ್ ಫ್ಲೋರ್‌ನಲ್ಲಿ ಎರಡನ್ನೂ ಸೇರಿಸಿ ‘ಇನ್‌ಮೌಲ್ಡ್’ ಅಂದುಬಿಡುತ್ತಾರೆ. ಇನಾಕ್ಯುಲೆಂಟನ್ನು ಕೊನೇ ಗಳಿಗೆಯಲ್ಲಿ ಹಾಕುವುದು ನಿಮ್ಮಂಥ ಹೆಚ್ಚಿನ ಫೌಂಡ್ರಿಗಳಿಗೆ ಒಳ್ಳೆಯದು. ಮೆಗ್ನೀಷಿಯಂ ಮಾತ್ರ, ಪ್ರತಿಯೊಂದು ಪೀಸನ್ನೂ ಚೆಕ್ ಮಾಡುವ ಏರ್ಪಾಡು ಇರುವವರು ಹಾಕಬೇಕು.

ಮೊದಲು ನಿಮ್ಮ ಈಗಿನ ತೊಂದರೆ ನೋಡೋಣ. ಕೊನೆಯ ಮೌಲ್ಡ್‌ಗಳಲ್ಲಿ ಗ್ರ್ಯಾಫೈಟ್ ಗುಂಡಗೆ ಬರುತ್ತಿಲ್ಲ ಅಂದರೆ ಅಲ್ಲಿಗೆ ಹೋಗುವ ಹೊತ್ತಿಗೆ ಮೆಗ್ನೀಷಿಯಂ ಇಳಿದಿದೆ ಅಂತ ಅರ್ಥ. ಮೆಗ್ನೀಷಿಯಂ ಕುದಿಯುವುದು ಸುಮಾರು 1090 ಡಿಗ್ರಿಯಲ್ಲಿ. ನೀವು ಟ್ರೀಟ್‌ಮೆಂಟ್ ಮಾಡುವ ಲೋಹ 1450ರಿಂದ 1500 ಡಿಗ್ರಿ. ಹಾಗಾಗಿ ಹಾಕಿದ್ದರಲ್ಲಿ ದೊಡ್ಡ ಪಾಲು ಆವಿಯಾಗಿ, ಉರಿದು, ಆ ಬಿಳಿ ಹೊಗೆಯಾಗಿ ಹೋಗುತ್ತದೆ. ಉಳಿದದ್ದೂ ನಿಂತಲ್ಲಿ ನಿಲ್ಲುವುದಿಲ್ಲ. ನಿಮಿಷ ಕಳೆದಂತೆ ಇಳಿಯುತ್ತಲೇ ಇರುತ್ತದೆ. ಇದೇ ಫೇಡಿಂಗ್. ಟ್ರೀಟ್‌ಮೆಂಟ್ ಮುಗಿದು ಹತ್ತು ನಿಮಿಷದೊಳಗೆ ಲ್ಯಾಡಲ್ ಖಾಲಿ ಆಗಬೇಕು ಅನ್ನುವುದು ಇದಕ್ಕೇ.

ಈಗ ಕಾರ್ಬೈಡ್ ಕಡೆ ಬನ್ನಿ. ಕೊನೆಯ ಮೌಲ್ಡ್ ಕೆಡುತ್ತಿದೆ ಅಂತ ಗೊತ್ತಾದ ತಕ್ಷಣ ಎಲ್ಲರೂ ಮಾಡುವ ಕೆಲಸ ಒಂದೇ: ಮೆಗ್ನೀಷಿಯಂ ಅಲಾಯ್ ಜಾಸ್ತಿ ಹಾಕುವುದು. ನೀವೂ ಹಾಗೇ ಮಾಡುತ್ತಿರಬೇಕು ಅಂತ ನನ್ನ ಅನುಮಾನ. ಉಳಿಕೆ ಮೆಗ್ನೀಷಿಯಂ ಶೇ. 0.035ರಿಂದ 0.05ರೊಳಗೆ ಇದ್ದರೆ ಸಾಕು. ಕೊನೆಯದನ್ನು ಉಳಿಸಲು ಹೋಗಿ ಮೊದಲ ಮೌಲ್ಡ್‌ಗಳಲ್ಲಿ ಅದು 0.06 ದಾಟಿದರೆ, ತೆಳು ಅಂಚಿನಲ್ಲಿ ಕಾರ್ಬೈಡ್ ಬರುವುದು ಸಹಜ. ಮೆಗ್ನೀಷಿಯಂ ಹೆಚ್ಚಾದಷ್ಟೂ ಕಾರ್ಬೈಡಿನ ಒಲವು ಹೆಚ್ಚು, ಶ್ರಿಂಕೇಜ್ (ಲೋಹ ಕುಗ್ಗಿ ಒಳಗೆ ಆಗುವ ಪೊಳ್ಳು) ಕೂಡ ಹೆಚ್ಚು. ಅಂದರೆ ಒಂದೇ ಹೀಟಿನಲ್ಲಿ ಮೊದಲ ಮೌಲ್ಡ್‌ಗೆ ಅತಿಯಾಗಿದೆ, ಕೊನೆಯ ಮೌಲ್ಡ್‌ಗೆ ಸಾಲದಾಗಿದೆ. ಕಾರ್ಬೈಡ್ ಬಂದ ಪೀಸುಗಳು ಎಷ್ಟನೇ ಮೌಲ್ಡಿನವು ಅಂತ ಒಂದು ವಾರ ಬರೆದಿಟ್ಟು ನೋಡಿ. ಮೊದಲ ಮೌಲ್ಡ್‌ಗಳಲ್ಲೇ ಜಾಸ್ತಿ ಬಂದರೆ ಅತಿ ಮೆಗ್ನೀಷಿಯಂ. ಕೊನೆಯವುಗಳಲ್ಲಿ ಬಂದರೆ ಇನಾಕ್ಯುಲೇಷನ್ ಸತ್ತಿದೆ. ಎಲ್ಲದರಲ್ಲೂ ಒಂದೇ ಥರ ಬಂದರೆ ಸ್ಕ್ರ್ಯಾಪ್ ಕಡೆ ನೋಡಿ, ಮ್ಯಾಂಗನೀಸ್ ಅಥವಾ ಕ್ರೋಮಿಯಂ ಏರಿರಬಹುದು.

ಇನಾಕ್ಯುಲೇಷನ್ ಸಾಯುವುದು ಅಂದೆ. ಫೆರೋಸಿಲಿಕಾನ್ ಜೊತೆ ಕ್ಯಾಲ್ಸಿಯಂ, ಅಲ್ಯೂಮಿನಿಯಂ, ಬೇರಿಯಂ ಅಥವಾ ಸ್ಟ್ರಾನ್ಷಿಯಂ ಸೇರಿದ ಪುಡಿಯನ್ನು ಲ್ಯಾಡಲ್‌ಗೆ ಹಾಕುತ್ತೀರಲ್ಲ, ಅದರ ಕೆಲಸ ಗ್ರ್ಯಾಫೈಟ್ ಹುಟ್ಟಲು ಸಣ್ಣ ಸಣ್ಣ ಬೀಜ ಒದಗಿಸುವುದು. ಬೀಜ ಹೆಚ್ಚಿದ್ದಷ್ಟೂ ಗುಂಡುಗಳು ಹೆಚ್ಚು. ಆಗ ಇಂಗಾಲ ಗ್ರ್ಯಾಫೈಟ್ ಆಗಿ ಹೊರಬರುತ್ತದೆ, ಕಾರ್ಬೈಡ್ ಆಗಿ ಸಿಕ್ಕಿಕೊಳ್ಳುವುದಿಲ್ಲ. ಈ ಗುಣ ಹಾಕಿದ ಕ್ಷಣದಲ್ಲಿ ಜೋರಾಗಿರುತ್ತದೆ. ಆಮೇಲಿನ ಮೊದಲ ಕೆಲವು ನಿಮಿಷಗಳಲ್ಲೇ ಬಹಳಷ್ಟು ಇಳಿದುಹೋಗುತ್ತದೆ. 20 ಮಿ.ಮೀ. ದಪ್ಪದ ಭಾಗ ಅದನ್ನು ತಡೆದುಕೊಳ್ಳುತ್ತದೆ. 5 ಮಿ.ಮೀ. ಅಂಚು ತಡೆಯುವುದಿಲ್ಲ, ಅಲ್ಲಿ ಲೋಹ ಬಲು ಬೇಗ ಗಟ್ಟಿಯಾಗುತ್ತದೆ. ಮೈಕ್ರೋಸ್ಕೋಪ್ ಕೆಳಗೆ ಆ ಅಂಚನ್ನು ಎಚ್ ಮಾಡಿ (ಆ್ಯಸಿಡ್ ಹಚ್ಚಿ) ನೋಡಿದ್ದೀರಲ್ಲ? ಗುಂಡುಗಳು ವಿರಳ, ನಡುವೆ ಬಿಳಿ ಬಿಳಿ ಪಟ್ಟಿಗಳು. ಟೂಲ್ ಮುರಿಯುತ್ತಿರುವುದು ಆ ಪಟ್ಟಿಗೆ ತಗುಲಿ.

ಈಗ ನಿಮ್ಮ ಮಾಲೀಕರ ಮಾತಿಗೆ ಬರೋಣ. ಅವರ ಆಸೆ ತಪ್ಪೇನಲ್ಲ. 1943ರಲ್ಲಿ ಇಂಕೋ ಕಂಪನಿಯ ಕೀತ್ ಮಿಲಿಸ್ ಬೀಡು ಕಬ್ಬಿಣಕ್ಕೆ ಮೆಗ್ನೀಷಿಯಂ ಸೇರಿಸಿ ಗುಂಡು ಗ್ರ್ಯಾಫೈಟ್ ಕಂಡಾಗಿನಿಂದ ಫೌಂಡ್ರಿಯವರ ತಲೆನೋವು ಎರಡೇ: ಈ ವಸ್ತುವನ್ನು ಉರಿದು ಹೋಗದಂತೆ ಒಳಗೆ ಸೇರಿಸುವುದು ಹೇಗೆ, ಸೇರಿದ್ದನ್ನು ಉಳಿಸಿಕೊಳ್ಳುವುದು ಹೇಗೆ. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಬಂದ ಇನ್‌ಮೌಲ್ಡ್ ವಿಧಾನ ಎರಡಕ್ಕೂ ಒಂದೇ ಉತ್ತರ ಕೊಟ್ಟಿತು. ಮೌಲ್ಡಿನೊಳಗೆ ಲೋಹ ಹರಿಯುವ ರನ್ನರ್ ದಾರಿಯಲ್ಲಿ ಒಂದು ಸಣ್ಣ ಕೋಣೆ. ಅದರೊಳಗೆ ಮೆಗ್ನೀಷಿಯಂ ಫೆರೋಸಿಲಿಕಾನ್ ಹರಳು. ಮೇಲೆ ಟ್ರೀಟ್ ಮಾಡದ ಲೋಹ ಸುರಿಯುತ್ತೀರಿ. ಅದು ಕೋಣೆ ದಾಟುವಾಗ ಅಲಾಯ್ ಕರಗಿಸಿಕೊಂಡು ಕ್ಯಾವಿಟಿಗೆ (ಪೀಸ್ ರೂಪುಗೊಳ್ಳುವ ಟೊಳ್ಳು) ಹೋಗುತ್ತದೆ. ಗಾಳಿ ತಾಗುವುದಿಲ್ಲ, ಹಾಗಾಗಿ ಹೊಗೆ ಇಲ್ಲ. ಟ್ರೀಟ್‌ಮೆಂಟ್ ಆಗಿ ಸೆಕೆಂಡುಗಳಲ್ಲಿ ಲೋಹ ಗಟ್ಟಿಯಾಗತೊಡಗುತ್ತದೆ, ಹಾಗಾಗಿ ಫೇಡಿಂಗ್ ಇಲ್ಲ. ಗುಂಡುಗಳ ಸಂಖ್ಯೆಯೂ ಚೆನ್ನಾಗಿ ಬರುತ್ತದೆ, ತೆಳು ಅಂಚಿನಲ್ಲಿ ಕಾರ್ಬೈಡ್ ಕಡಿಮೆ.

ಉಳಿತಾಯವೂ ನಿಜ, ಲೆಕ್ಕ ಹಾಕಿಯೇ ನೋಡಿ. ನಿಮಗೆ ಬೇಕಾದ ಉಳಿಕೆ ಮೆಗ್ನೀಷಿಯಂ ಶೇ. 0.040. ಬೇಸ್ ಲೋಹದಲ್ಲಿ ಗಂಧಕ 0.010 ಇದ್ದರೆ, ಅದರ 0.76 ಪಟ್ಟು ಮೆಗ್ನೀಷಿಯಂ ಗಂಧಕಕ್ಕೇ ಹೋಗುತ್ತದೆ. ಒಟ್ಟು ಸುಮಾರು 0.0476. ಶೇ. 6 ಮೆಗ್ನೀಷಿಯಂ ಇರುವ ಅಲಾಯ್, ಮೌಲ್ಡ್ ಒಳಗೆ ಶೇ. 75 ರಿಕವರಿ (ಹಾಕಿದ್ದರಲ್ಲಿ ಲೋಹಕ್ಕೆ ಸೇರುವ ಪಾಲು) ಅಂತ ಹಿಡಿದರೆ, ಬೇಕಾಗುವ ಅಲಾಯ್ ಲೋಹದ ತೂಕದ ಶೇ. 1.06. ನಿಮ್ಮ 40 ಕೆ.ಜಿ. ಮೌಲ್ಡ್‌ಗೆ 420 ಗ್ರಾಂ ಆಯಿತು. ಅದೇ ಸ್ಯಾಂಡ್‌ವಿಚ್‌ನಲ್ಲಿ ರಿಕವರಿ 45 ಅಂತ ಇಟ್ಟುಕೊಂಡರೆ ಅಷ್ಟೇ ಲೋಹಕ್ಕೆ ಸುಮಾರು 700 ಗ್ರಾಂ ಬೇಕು. ಈ ವ್ಯತ್ಯಾಸ ನೋಡಿದವರು ಯಾರಾದರೂ ಒಲಿಯುತ್ತಾರೆ.

ಆದರೆ ಆ ಕೋಣೆಯ ಒಳಗೆ ಏನಾಗುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡಬೇಕು. ಅಲ್ಲಿ ಅಲಾಯ್ ಒಟ್ಟಿಗೆ ಕರಗುವುದಿಲ್ಲ. ತಟ್ಟೆಯಲ್ಲಿ ಹರಡಿದ ಕಲ್ಲುಸಕ್ಕರೆಯ ಮೇಲೆ ನೀರು ಹರಿಸಿದ ಹಾಗೆ, ಮೇಲಿನ ಪದರ ಕರಗಿ ಹೋದ ಮೇಲೆ ಕೆಳಗಿನದರ ಸರದಿ. ಎಷ್ಟು ಅಲಾಯ್ ಕರಗುತ್ತದೆ ಅನ್ನುವುದು ಲೋಹಕ್ಕೆ ತಾಗುವ ಮೇಲ್ಮೈ ಎಷ್ಟಿದೆ ಅನ್ನುವುದರ ಮೇಲೆ ನಿಂತಿದೆ. ಹಾಗಾಗಿ ಕೋಣೆಯ ಗೋಡೆಗಳು ಬಹುಮಟ್ಟಿಗೆ ನೇರ ಇರಬೇಕು, ಪ್ಯಾಟರ್ನ್ ಬಿಡಿಸಲು ಬೇಕಾದಷ್ಟು ಡ್ರಾಫ್ಟ್ ಮಾತ್ರ. ಕೆಳಕ್ಕೆ ಹೋದಂತೆ ಕಿರಿದಾದರೆ ಮೇಲ್ಮೈ ಕಡಿಮೆಯಾಗುತ್ತಾ ಹೋಗಿ, ಕೊನೆಯಲ್ಲಿ ತುಂಬುವ ಲೋಹಕ್ಕೆ ಮೆಗ್ನೀಷಿಯಂ ಸಾಲುವುದಿಲ್ಲ.

ಕೋಣೆಯ ಅಳತೆಗೂ ಒಂದು ಲೆಕ್ಕ ಇದೆ. ಸುರಿಯುವ ವೇಗವನ್ನು ಅಲಾಯ್ ಮೇಲ್ಮೈಯಿಂದ ಭಾಗಿಸಿದರೆ ಬರುವುದನ್ನು ಸಲ್ಯೂಷನ್ ಫ್ಯಾಕ್ಟರ್ ಅನ್ನುತ್ತಾರೆ. ಅಲಾಯ್ ಕೊಡುವವರು ತಮ್ಮ ಮಾಲಿಗೆ ಈ ಅಂಕಿ ಹೇಳಬೇಕು, ಅದನ್ನು ನೀವು ಟ್ರಯಲ್‌ನಲ್ಲಿ ಪಕ್ಕಾ ಮಾಡಿಕೊಳ್ಳಬೇಕು. ಉದಾಹರಣೆಗೆ ಅವರು ಸೆಕೆಂಡಿಗೆ, ಚದರ ಸೆಂ.ಮೀ.ಗೆ 0.06 ಕೆ.ಜಿ. ಅಂದರು ಅಂತ ಇಟ್ಟುಕೊಳ್ಳಿ. ನೀವು 40 ಕೆ.ಜಿ.ಯನ್ನು 10 ಸೆಕೆಂಡಿನಲ್ಲಿ ಸುರಿದರೆ ಸೆಕೆಂಡಿಗೆ 4 ಕೆ.ಜಿ. ಕೋಣೆಯ ತಳ ಸುಮಾರು 67 ಚದರ ಸೆಂ.ಮೀ. ಬೇಕು. ಈಗ ಅದೇ ಮೌಲ್ಡನ್ನು ಇನ್ನೊಬ್ಬ ಪೋರರ್ 15 ಸೆಕೆಂಡ್ ತೆಗೆದುಕೊಂಡು ಸುರಿದ ಅಂದುಕೊಳ್ಳಿ. ನಿಧಾನ ಹರಿಯುವ ಲೋಹ ಮೊದಲಿಗೆ ಜಾಸ್ತಿ ಮೆಗ್ನೀಷಿಯಂ ಹಿಡಿದುಕೊಳ್ಳುತ್ತದೆ. ಕೊನೆಗೆ ಕೋಣೆ ಖಾಲಿ, ಕೊನೆಯ ಲೋಹ ಟ್ರೀಟ್‌ಮೆಂಟ್ ಇಲ್ಲದೇ ಹೋಗುತ್ತದೆ. 7 ಸೆಕೆಂಡಿನಲ್ಲಿ ಸುರಿದರೆ ಉಲ್ಟಾ: ಎಲ್ಲದಕ್ಕೂ ಕಡಿಮೆ ಮೆಗ್ನೀಷಿಯಂ, ಕೋಣೆಯಲ್ಲಿ ಅಲಾಯ್ ಹಾಗೇ ಉಳಿದಿರುತ್ತದೆ. ಕೈಯಿಂದ ಸುರಿಯುವ ಜಾಗದಲ್ಲಿ, ಅದೂ ಮೇ ತಿಂಗಳ ಸೆಕೆಯಲ್ಲಿ ಶಿಫ್ಟ್ ಕೊನೆಗೆ, ಎಲ್ಲ ಮೌಲ್ಡ್‌ಗೂ ಒಂದೇ ವೇಗ ಸಿಗುತ್ತಾ? ನೀವೇ ಹೇಳಿ.

ತಾಪಮಾನದ ಕಥೆಯೂ ಇದೇ. ಲೋಹ 1400 ಡಿಗ್ರಿಗಿಂತ ಕೆಳಗೆ ಬಂದರೆ ಅಲಾಯ್ ಸರಿಯಾಗಿ ಕರಗುವುದಿಲ್ಲ. ಹರಳಿನ ಗಾತ್ರ 1ರಿಂದ 4 ಮಿ.ಮೀ. ಒಳಗೆ ಇರಬೇಕು. ಪುಡಿ ಜಾಸ್ತಿ ಇದ್ದರೆ ಒಮ್ಮೆಲೇ ಕರಗುತ್ತದೆ, ಅಥವಾ ಹರಿವಿನ ಜೊತೆ ಎದ್ದು ಕ್ಯಾವಿಟಿಗೆ ಹೋಗುತ್ತದೆ.

ಗಂಧಕದ ವಿಷಯ ಬಹಳ ಮುಖ್ಯ. ಲ್ಯಾಡಲ್‌ನಲ್ಲಿ ಮೆಗ್ನೀಷಿಯಂ ಗಂಧಕದ ಜೊತೆ ಸೇರಿ ಆದ ಕಲ್ಮಶ ಮೇಲೆ ತೇಲುತ್ತದೆ, ನೀವು ಕೆರೆದು ತೆಗೆಯುತ್ತೀರಿ. ಮೌಲ್ಡ್ ಒಳಗೆ ಕೆರೆಯುವವರು ಯಾರು? ಅದು ಡ್ರಾಸ್ ಆಗಿ ಕಾಸ್ಟಿಂಗ್ ಮೇಲ್ಭಾಗದಲ್ಲಿ ಕೂರುತ್ತದೆ. ಅದಕ್ಕೆ ಬೇಸ್ ಲೋಹದ ಗಂಧಕ 0.010ರ ಆಸುಪಾಸು ಅಥವಾ ಅದಕ್ಕೂ ಕೆಳಗೆ ಬೇಕು. ಸ್ಟೀಲ್ ಸ್ಕ್ರ್ಯಾಪ್ ಹಾಕಿ ಕಾರ್ಬನ್ ಏರಿಸುವವರು ನೀವಾದರೆ ಅದಕ್ಕೆ ಹಾಕುವ ಕಾರ್ಬುರೈಸರ್ ಪುಡಿಯ ಚೀಲದ ಮೇಲಿನ ಅಂಕಿ ನೋಡಿ. ಶೇ. 0.8 ಗಂಧಕ ಇರುವ ಪೆಟ್ರೋಲಿಯಂ ಕೋಕನ್ನು ಚಾರ್ಜ್‌ನ ಶೇ. 2ರಷ್ಟು ಹಾಕಿದರೆ ಅದೊಂದರಿಂದಲೇ 0.016ರವರೆಗೆ ಗಂಧಕ ಬರಬಹುದು. ಗ್ರ್ಯಾಫೈಟೈಸ್ಡ್ ಕಾರ್ಬುರೈಸರ್ ದುಬಾರಿ, ಆದರೆ ಇನ್‌ಮೌಲ್ಡ್‌ಗೆ ಅದಿಲ್ಲದೆ ಹೋಗುವಂತಿಲ್ಲ. ಕೋಣೆಯ ಆಚೆ ಸೆರಾಮಿಕ್ ಫಿಲ್ಟರ್ ಕೂಡ ಬೇಕೇಬೇಕು. ಆ ಖರ್ಚನ್ನು ಮೇಲಿನ ಉಳಿತಾಯದಿಂದ ಕಳೆಯಿರಿ. ಕೋಣೆ ಮತ್ತು ಉದ್ದದ ರನ್ನರ್ ತುಂಬಿಕೊಳ್ಳುವ ಲೋಹವನ್ನೂ ಕಳೆಯಿರಿ, ಯೀಲ್ಡ್ (ಸುರಿದ ಲೋಹದಲ್ಲಿ ಪೀಸ್ ಆಗಿ ಸಿಗುವ ಪಾಲು) ಇಳಿಯುತ್ತದೆ.

ಗಾಳಿ ಪೈಪಿನ ವಿಷಯ ಒಂದು ಹೇಳಲೇಬೇಕು. ಮೌಲ್ಡ್ ಮುಚ್ಚುವ ಮುಂಚೆ ಸಡಿಲ ಮರಳು ಹಾರಿಸಲು ಹುಡುಗರು ಏರ್ ನಾಝಲ್ ಹಿಡಿಯುತ್ತಾರೆ, ಅಲ್ವಾ? ಕೋಣೆಗೆ ಅಲಾಯ್ ಹಾಕಿದ ಮೇಲೆ ಯಾರಾದರೂ ಅಭ್ಯಾಸದಲ್ಲಿ ಒಂದು ಸಲ ಊದಿದರೂ ಸಾಕು. ಹರಳು ಕ್ಯಾವಿಟಿಯಲ್ಲಿ ಚೆದುರಿ ಬೀಳುತ್ತದೆ. ಕಾಸ್ಟಿಂಗ್‌ನಲ್ಲಿ ಕರಗದ ಗಟ್ಟಿ ಚುಕ್ಕೆ, ಕೋಣೆಯಲ್ಲಿ ತೂಕ ಕಡಿಮೆ. ಊದುವುದು ಮುಗಿದ ಮೇಲೆಯೇ ಅಲಾಯ್, ಅಲಾಯ್ ಆದ ಮೇಲೆ ಕೋಪ್ (ಮೌಲ್ಡಿನ ಮೇಲಿನ ಅರ್ಧ) ಮುಚ್ಚುವುದು, ನಡುವೆ ಬೇರೆ ಕೆಲಸ ಇಲ್ಲ. ಪುಣೆಯ ಮಳೆಗಾಲ ಇದಕ್ಕೆ ಇನ್ನೊಂದು ತೊಡಕು. ಹಸಿ ಮರಳಿನ ಮೌಲ್ಡ್‌ನಲ್ಲಿ ಅಲಾಯ್ ಹಾಕಿ ಬುಧವಾರ ಸಂಜೆ ಮುಚ್ಚಿಟ್ಟು, ಗುರುವಾರ ರಜೆ ಕಳೆದು ಶುಕ್ರವಾರ ಸುರಿದರೆ ಅಲಾಯ್ ತೇವ ಹೀರಿರುತ್ತದೆ. ಪೀಸಿನಲ್ಲಿ ಪಿನ್‌ಹೋಲ್ (ಸೂಜಿಮೊನೆಯಷ್ಟು ತೂತು) ಬಂದಾಗ ಮರಳನ್ನು ಬೈಯುತ್ತಾ ಕೂರುತ್ತಾರೆ. ಮುಚ್ಚಿದ ಮೌಲ್ಡ್ ಅದೇ ಶಿಫ್ಟಿನಲ್ಲಿ ಸುರಿಯಬೇಕು.

ಇಷ್ಟೆಲ್ಲ ನಿಭಾಯಿಸಬಹುದು. ನನ್ನನ್ನು ತಡೆಯುವುದು ಬೇರೆ ಕಾರಣ.

ಲ್ಯಾಡಲ್ ವಿಧಾನದಲ್ಲಿ ಮೆಗ್ನೀಷಿಯಂ ಇಳಿಯುತ್ತಾ ಹೋಗುತ್ತದೆ ಅನ್ನುವುದು ಕೆಡುಕು, ಆದರೆ ಅದರಲ್ಲೇ ಒಂದು ದೊಡ್ಡ ಅನುಕೂಲ ಇದೆ. ನಾಡ್ಯುಲಾರಿಟಿಯಲ್ಲಿ ಎಲ್ಲಕ್ಕಿಂತ ಕೆಟ್ಟ ಮೌಲ್ಡ್ ಯಾವುದು ಅಂತ ಮೊದಲೇ ಗೊತ್ತು: ಕೊನೆಯದು. ಕೊನೆಯ ಲೋಹದಿಂದ ಒಂದು ಕೂಪನ್ (ಪರೀಕ್ಷೆಯ ತುಂಡು) ತೆಗೆದು, ಪಾಲಿಶ್ ಮಾಡಿ ನೋಡಿ, ಅದು ಪಾಸ್ ಆದರೆ ಹೀಟ್ ಪೂರ್ತಿ ಪಾಸ್. ಇನ್‌ಮೌಲ್ಡ್‌ನಲ್ಲಿ ಆ ಕ್ರಮವೇ ಇಲ್ಲ. ಪ್ರತಿ ಮೌಲ್ಡ್ ಅದರದ್ದೇ ಒಂದು ಹೀಟ್. ಹನ್ನೊಂದು ಮೌಲ್ಡ್ ಚಿನ್ನದ ಹಾಗೆ ಬಂದಿರಬಹುದು. ಏಳನೆಯದಕ್ಕೆ ಮಾತ್ರ ಹುಡುಗ ಅಲಾಯ್ ಹಾಕಲು ಮರೆತಿದ್ದರೆ, ಆ ನಾಲ್ಕು ಬ್ರಾಕೆಟ್ ಬರೀ ಬೂದು ಬೀಡು. ಹೊರಗಿನಿಂದ ನೋಡಿದರೆ ಒಂದು ಕೂದಲಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಅದು ಚಾಕಣ್‌ನ ಕಸ್ಟಮರ್ ಕೈಗೆ ಹೋಗಿ, ಗಾಡಿಯಲ್ಲಿ ಕೂತು, ರಸ್ತೆಯ ಮೇಲೆ ಮುರಿದರೆ ಹೋಗುವುದು ಬರೀ ಆರ್ಡರ್ ಅಲ್ಲ. ಇದು ಮನುಷ್ಯರ ಜೀವದ ವಿಷಯ. ಅದಕ್ಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗಾಗಿ ಇನ್‌ಮೌಲ್ಡ್ ಮಾಡುವವರು ಪ್ರತಿ ಪೀಸನ್ನೂ ಅಲ್ಟ್ರಾಸಾನಿಕ್ ವೇಗ ಅಳೆದು ಬಿಡುತ್ತಾರೆ. ಒಳ್ಳೆಯ ಎಸ್‌ಜಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 5500 ಮೀಟರ್ ಅಥವಾ ಅದಕ್ಕೂ ಮೇಲೆ, ಬೂದು ಬೀಡಿನಲ್ಲಿ 5000ಕ್ಕಿಂತ ಕೆಳಗೆ. ಗ್ರ್ಯಾಫೈಟ್ ಗುಂಡಗಿದ್ದರೆ ಶಬ್ದಕ್ಕೆ ಅಡ್ಡಿ ಕಡಿಮೆ, ಎಸಳಿನ ಹಾಗಿದ್ದರೆ ಜಾಸ್ತಿ. ನಿಮ್ಮ ಪಾಸ್ ಗೆರೆಯನ್ನು ನಿಮ್ಮದೇ ಬ್ರಾಕೆಟ್‌ಗಳನ್ನು ಕತ್ತರಿಸಿ, ಮೈಕ್ರೋಸ್ಕೋಪ್ ಜೊತೆ ಹೋಲಿಸಿ ಹಾಕಿಕೊಳ್ಳಬೇಕು. ಒಂದು ಮೌಲ್ಡಿನ ನಾಲ್ಕರಲ್ಲಿ ಒಂದನ್ನು ನೋಡಿದರೆ ಸಾಲದು. ಕೋಣೆಗೆ ಹತ್ತಿರದ ಕ್ಯಾವಿಟಿಗೂ ದೂರದ್ದಕ್ಕೂ ಬೇರೆ ಬೇರೆ ಹೊತ್ತಿನ ಲೋಹ ಹೋಗಿರುತ್ತದೆ. ನಿಮ್ಮ ಒಂದು ಹೀಟಿಗೆ ಹನ್ನೆರಡು ಮೌಲ್ಡ್, 48 ಪೀಸ್. ಅಷ್ಟನ್ನೂ ಅಳೆಯಲು ಜನ, ಯಂತ್ರ, ಜಾಗ ಇದೆಯಾ?

ದೊಡ್ಡ ಆಟೊ ಫೌಂಡ್ರಿಗಳಿಗೆ ಇದು ಹೊಂದುವುದು ಅದಕ್ಕೇ. ಅಲ್ಲಿ ತಿಂಗಳುಗಟ್ಟಲೆ ಒಂದೇ ಪಾರ್ಟ್. ಅಲಾಯ್ ತೂಗಿ ಹಾಕುವುದು ಯಂತ್ರ. ಸುರಿಯುವುದು ಆಟೊಪೋರ್. ಟ್ರೀಟ್ ಮಾಡದ ಲೋಹ ಹೋಲ್ಡಿಂಗ್ ಫರ್ನೇಸ್‌ನಲ್ಲಿ ಆರಾಮಾಗಿ ಕಾಯುತ್ತದೆ, ಫೇಡಿಂಗ್ ಭಯವೇ ಇಲ್ಲ. ಸಾಲಿನ ಕೊನೆಗೆ ಅಲ್ಟ್ರಾಸಾನಿಕ್ ತೊಟ್ಟಿ. ಬೇರೆ ಬೇರೆಯವರ ಸಣ್ಣ ಆರ್ಡರ್ ಮಾಡುತ್ತಾ ವಾರಕ್ಕೆ ಹತ್ತು ಪ್ಯಾಟರ್ನ್ ಬದಲಿಸುವ ಜಾಬಿಂಗ್ ಫೌಂಡ್ರಿಯಲ್ಲಿ ಪ್ರತಿ ಪ್ಯಾಟರ್ನ್‌ಗೂ ಹೊಸ ಕೋಣೆ, ಹೊಸ ಲೆಕ್ಕ, ಹೊಸ ಟ್ರಯಲ್. ಬೆಳಗಾವಿಯ ಉದ್ಯಮಬಾಗ್‌ನಲ್ಲಿರಲಿ, ಕೊಲ್ಹಾಪುರದ ಶಿರೋಳಿಯಲ್ಲಿರಲಿ, ಸಣ್ಣ ಫೌಂಡ್ರಿಯವರು ಯಾರು ಕೇಳಿದರೂ ನಾನು ಇದನ್ನೇ ಹೇಳುತ್ತೇನೆ.

ಹಾಗಾದರೆ ನೀವು ಈಗ ಏನು ಮಾಡಬೇಕು? ಮೊದಲು ಗಡಿಯಾರ. ಟ್ರೀಟ್‌ಮೆಂಟ್ ಕುದಿತ ನಿಂತ ಕ್ಷಣ ಸ್ಟಾಪ್‌ವಾಚ್ ಒತ್ತಿ. ಪ್ರತಿ ಮೌಲ್ಡ್ ಸುರಿದಾಗ ಎಷ್ಟು ನಿಮಿಷ ಅಂತ ಚಾಕ್‌ನಲ್ಲಿ ಮೌಲ್ಡ್ ಬಾಕ್ಸ್ ಮೇಲೇ ಬರೆಸಿ. ಆ ನಿಮಿಷದ ಎದುರು ನಾಡ್ಯುಲಾರಿಟಿ ಬರೆಯಿರಿ. ಯಾವ ನಿಮಿಷಕ್ಕೆ ಗೆರೆ ದಾಟುತ್ತದೆ ಅಂತ ನಿಮ್ಮದೇ ಅಂಕಿ ಸಿಗುತ್ತದೆ. ಹನ್ನೆರಡು ಮೌಲ್ಡ್ ಆ ಸಮಯದಲ್ಲಿ ಮುಗಿಯದಿದ್ದರೆ 500 ಕೆ.ಜಿ.ಯನ್ನು ಒಟ್ಟಿಗೆ ಟ್ರೀಟ್ ಮಾಡಬೇಡಿ. 250 ಕೆ.ಜಿ. ಲ್ಯಾಡಲ್ ಎರಡು ಸಲ. ಆರು ಆರು ಮೌಲ್ಡ್. ಎರಡೂ ಟ್ಯಾಪ್‌ಗೆ (ಫರ್ನೇಸ್‌ನಿಂದ ಲೋಹ ಇಳಿಸುವ ಸರದಿ) ಕೊನೆಯ ಲೋಹದ ಕೂಪನ್ ಬೇರೆ ಬೇರೆ ತೆಗೆಯಿರಿ. ಆಗ ಮೆಗ್ನೀಷಿಯಂ ಅಲಾಯನ್ನು ಧೈರ್ಯವಾಗಿ ಇಳಿಸಬಹುದು. ಮೊದಲ ಮೌಲ್ಡಿನ ಅತಿಯೂ ಹೋಗುತ್ತದೆ, ಕೊನೆಯದರ ಕೊರತೆಯೂ ಹೋಗುತ್ತದೆ.

ಆಮೇಲೆ ಇನಾಕ್ಯುಲೆಂಟ್. ಲ್ಯಾಡಲ್‌ಗೆ ಹಾಕುವುದನ್ನು ನಿಲ್ಲಿಸಬೇಡಿ. ಅದರ ಮೇಲೆ, ಸುರಿಯುವಾಗ ಧಾರೆಗೆ ಶೇ. 0.1ರಿಂದ 0.15 ಸೇರಿಸಿ. 40 ಕೆ.ಜಿ.ಗೆ 40ರಿಂದ 60 ಗ್ರಾಂ. ಹರಳು 0.2ರಿಂದ 0.7 ಮಿ.ಮೀ., ಒಣಗಿರಬೇಕು. ಸಣ್ಣ ತೂತಿನ ಫನಲ್ ಸಾಕು, ಆದರೆ ಧಾರೆ ಶುರುವಾದಾಗಿನಿಂದ ಮುಗಿಯುವವರೆಗೂ ಸಮನಾಗಿ ಬೀಳಬೇಕು. ಸ್ಪ್ರೂ (ಲೋಹ ಕೆಳಗಿಳಿಯುವ ಕೊಳವೆ) ಬಾಯಲ್ಲಿ ಸುಮ್ನೆ ಒಂದು ಹಿಡಿ ಹಾಕಿಡುವ ಪದ್ಧತಿ ನೋಡಿದ್ದೇನೆ, ಅದು ಬೇಡ. ಮೊದಲ ಲೋಹ ಅಷ್ಟನ್ನೂ ಕೊಚ್ಚಿಕೊಂಡು ಹೋಗುತ್ತದೆ, ಕರಗದ ಹರಳು ಗಟ್ಟಿ ಚುಕ್ಕೆಯಾಗಿ ಕೂರುತ್ತದೆ, ಹಿಂದೆ ಬಂದ ಲೋಹಕ್ಕೆ ಏನೂ ಸಿಗುವುದಿಲ್ಲ. ಧಾರೆಗೆ ಸಮನಾಗಿ ಹಾಕಲು ಆಗುವುದಿಲ್ಲ ಅಂದರೆ ಎರಕ ಹೊಯ್ದ ಇನಾಕ್ಯುಲೆಂಟ್ ಬಿಲ್ಲೆಗಳು ಸಿಗುತ್ತವೆ. ಫಿಲ್ಟರ್ ಮುಂದೆ ಅಥವಾ ಸ್ಪ್ರೂ ಬುಡದಲ್ಲಿ ಇಡಬಹುದು. ಶೇ. 0.05ರಿಂದ 0.1, ಅಂದರೆ ನಿಮಗೆ 20ರಿಂದ 40 ಗ್ರಾಂ ತೂಕದ್ದು. ಮಾಲೀಕರಿಗೆ ಬೇಕಾದ ‘ಇನ್‌ಮೌಲ್ಡ್’ ನಿಮ್ಮಲ್ಲಿ ಇದೇ ಆಗಲಿ. ಬಿಲ್ಲೆ ಇಡಲು ಒಮ್ಮೆ ಮರೆತರೆ ಅಂಚಿನಲ್ಲಿ ಸ್ವಲ್ಪ ಕಾರ್ಬೈಡ್ ಬರಬಹುದು, ಆದರೆ ಬ್ರಾಕೆಟ್ ಬೂದು ಬೀಡಾಗಿ ಹೋಗುವುದಿಲ್ಲ.

ಒಂದು ಎಚ್ಚರ: ಇನಾಕ್ಯುಲೆಂಟ್ ಕಳೆದುಹೋದ ಮೆಗ್ನೀಷಿಯಂ ವಾಪಸ್ ತರುವುದಿಲ್ಲ. ಕೊನೆಯ ಮೌಲ್ಡ್‌ಗಳ ನಾಡ್ಯುಲಾರಿಟಿಗೆ ಸಮಯವೇ ಮದ್ದು. ಸಿಲಿಕಾನ್ ಲೆಕ್ಕವನ್ನೂ ಮತ್ತೆ ಹಾಕಿ. ಧಾರೆಯ 0.1ರಿಂದ ಏರುವ ಸಿಲಿಕಾನ್ 0.075 ಮಾತ್ರ, ಅದೇನೂ ಅಲ್ಲ. ಆದರೆ ಮೆಗ್ನೀಷಿಯಂ ಅಲಾಯ್ ಇಳಿಸಿದರೆ, ಅದರಲ್ಲಿ ಸುಮಾರು ಶೇ. 45 ಸಿಲಿಕಾನ್ ಇರುವುದರಿಂದ, ಕೊನೆಯ ಸಿಲಿಕಾನ್ ಕೂಡ ಇಳಿಯುತ್ತದೆ. ಬೇಸ್‌ನಲ್ಲಿ ಅದನ್ನು ತುಂಬಿಕೊಳ್ಳದಿದ್ದರೆ ಕಾರ್ಬೈಡ್ ಮತ್ತೆ ಹಾಜರ್.

ಹೊಗೆಗೆ ಟನ್‌ಡಿಶ್ ಮುಚ್ಚಳ ಹಾಕಿಸಿ. ಲ್ಯಾಡಲ್ ಮೇಲೆ ಬೋಗುಣಿಯಂಥ ಮುಚ್ಚಳ, ಅದರ ತೂತಿನಿಂದ ಲೋಹ ಒಳಗೆ ಇಳಿಯುತ್ತದೆ. ಗಾಳಿ ಒಳಗೆ ಹೋಗುವುದು ಕಡಿಮೆ, ಉರಿ ಕಡಿಮೆ, ಹೊಗೆ ಬಹಳಷ್ಟು ಕಡಿಮೆ. ರಿಕವರಿ ಸಾಮಾನ್ಯವಾಗಿ 50 ದಾಟುತ್ತದೆ. ನಿಮ್ಮಲ್ಲೇ ಫ್ಯಾಬ್ರಿಕೇಷನ್ ಮಾಡಿಸಿ ಒಳಗೆ ರಿಫ್ರ್ಯಾಕ್ಟರಿ ಬಳಿಸಬಹುದು. ಲ್ಯಾಡಲ್ ಎತ್ತರ ಅದರ ಅಗಲದ ಎರಡು ಪಟ್ಟು ಇರಲಿ. ಮುಚ್ಚಳದ ತೂತಿನ ಅಳತೆ ನಿಮ್ಮ ಫರ್ನೇಸ್ ಎಷ್ಟು ಬೇಗ ಟ್ಯಾಪ್ ಆಗುತ್ತದೆ ಅನ್ನುವುದಕ್ಕೆ ಹೊಂದಬೇಕು. ಬೋಗುಣಿಯಲ್ಲಿ ಲೋಹ ಸದಾ ಸ್ವಲ್ಪ ನಿಂತಿರಬೇಕು, ತೂತು ಬರಿದಾದರೆ ಗಾಳಿ ಎಳೆದುಕೊಳ್ಳುತ್ತದೆ. ಮುಚ್ಚಳಕ್ಕೆ ಅಂಟಿದ ಗಸಿಯನ್ನು ಪ್ರತಿ ಶಿಫ್ಟ್ ಕೊನೆಗೆ ಕೆರೆಸಿ. ಇಲ್ಲದಿದ್ದರೆ ತೂತು ಕಿರಿದಾಗುತ್ತಾ ಹೋಗಿ, ಟ್ಯಾಪಿಂಗ್ ನಿಧಾನವಾಗಿ, ಆ ನಿಮಿಷಗಳೆಲ್ಲ ಮತ್ತೆ ನಿಮ್ಮ ಕೊನೆಯ ಮೌಲ್ಡ್‌ನ ಲೆಕ್ಕಕ್ಕೆ ಬರುತ್ತವೆ.